ಚಕ್ರದ ಮೇಲಿನ ಮನೆಯಲ್ಲಿ ಹತ್ತು ದಿನ

ಏಪ್ರಿಲ್ ತಿಂಗಳು ಬಂತೆಂದರೆ ನನ್ನ ಚಿಕಿತ್ಸಾಲಯಕ್ಕೆ ಒಂದು ಬಗೆಯ ಹಿರಿಯರು ಬರತೊಡಗುತ್ತಾರೆ. ಅವರಿಗೆ ಹೊಸದಾಗಿ ಯಾವ ಕಾಯಿಲೆಯೂ ಬಂದಿರುವುದಿಲ್ಲ. ಕೈಯಲ್ಲಿ ಹಳೆಯ ಚೀಟಿಗಳ ಕಟ್ಟು, ಮುಖದಲ್ಲಿ ಸಂಭ್ರಮ, ಜೊತೆಗೆ ಸ್ವಲ್ಪ ಅಳುಕು. "ಡಾಕ್ಟ್ರೇ, ಅಮೆರಿಕಕ್ಕೆ ಮಗನ ಮನೆಗೆ ಹೊರಟಿದ್ದೇವೆ. ಆರು ತಿಂಗಳಿಗೆ ಆಗುವಷ್ಟು ಮಾತ್ರೆ ಬರೆದುಕೊಡಿ" ಎಂದು ಶುರು ಮಾಡುತ್ತಾರೆ.

ಹೀಗೆ ಬಂದ ದಂಪತಿಗಳೊಬ್ಬರು ಒಂದು ಹೊಸ ವಿಷಯ ಹೇಳಿದರು. ಮಗ ಜುಲೈಯಲ್ಲಿ ಒಂದು ದೊಡ್ಡ ವಾಹನವನ್ನು ಬಾಡಿಗೆಗೆ ಹಿಡಿದಿದ್ದಾನಂತೆ. ಅದರಲ್ಲೇ ಅಡುಗೆಮನೆ, ಅದರಲ್ಲೇ ಹಾಸಿಗೆ. ಹತ್ತು ದಿನ ಯೆಲ್ಲೋಸ್ಟೋನ್ ಕಡೆಗೆ ಪ್ರವಾಸ. "ಅದರಲ್ಲೇ ಎಲ್ಲಾ ಇದೆಯಂತೆ" ಎಂದರು ಯಜಮಾನರು. 'ಎಲ್ಲಾ' ಎಂಬ ಮಾತು ಬಂದಾಗ ಆಕೆ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿನ ನಂತರ ಮೆಲ್ಲಗೆ ಕೇಳಿದರು: "ಅದನ್ನು ಖಾಲಿ ಮಾಡೋರು ಯಾರು?" ಯಜಮಾನರು, "ಇನ್ಯಾರು, ನಮ್ಮ ಮಗನೇ" ಎಂದರು. "ಹಾಗಾದ್ರೆ ಹತ್ತು ದಿನ ನಾನು ನೀರೇ ಮುಟ್ಟೋದಿಲ್ಲ ಬಿಡಿ" ಎಂದು ಆಕೆ ನಿರ್ಧಾರ ಮಾಡಿಯೇ ಬಿಟ್ಟರು.

ಆಕೆಗೆ 66 ವರ್ಷ. ಮಧುಮೇಹ ಮತ್ತು ರಕ್ತದೊತ್ತಡ ಎರಡೂ ಇವೆ. ಅವರು ತಮಾಷೆಗೆ ಹೇಳಿದ್ದಲ್ಲ. ಈ ಅಂಕಣ ಓದುವ ಅನೇಕ ಮನೆಗಳಲ್ಲಿ ಮಕ್ಕಳು ಹೊರದೇಶದಲ್ಲಿದ್ದಾರೆ. ಅಂಥ ಪ್ರವಾಸಕ್ಕೆ ಹೊರಡುವ ತಂದೆ ತಾಯಂದಿರಿಗೂ, ಕರೆದುಕೊಂಡು ಹೋಗುವ ಮಕ್ಕಳಿಗೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಈ ವಾರ ಬರೆಯುತ್ತಿದ್ದೇನೆ.

ಏನಿದು ವಾಹನ?

ಅಮೆರಿಕದವರು ಇದನ್ನು ಆರ್.ವಿ. ಎಂದು ಕರೆಯುತ್ತಾರೆ. ಇದರಲ್ಲಿ ಎರಡು ಮುಖ್ಯ ಬಗೆ. ತಾನೇ ಓಡುವ ಮೋಟಾರ್ ಹೋಮ್ ಒಂದು. ಕಾರು ಅಥವಾ ಪಿಕಪ್ ವಾಹನದ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಇನ್ನೊಂದು. ಒಳಗೆ ಅನಿಲದ ಒಲೆ, ರೆಫ್ರಿಜರೇಟರ್, ಸಣ್ಣ ಸ್ನಾನದ ಮನೆ, ಶೌಚಾಲಯ, ಹಾಸಿಗೆಗಳು ಇರುತ್ತವೆ. ಚಾಲಕನ ತಲೆಯ ಮೇಲಿನ ಭಾಗದಲ್ಲಿ ಅಟ್ಟದಂತಹ ಹಾಸಿಗೆ ಇರುವ ಮಾದರಿಯನ್ನೇ ಬಾಡಿಗೆಗೆ ಹೆಚ್ಚಾಗಿ ಕೊಡುತ್ತಾರೆ. ಆ ಅಟ್ಟಕ್ಕೆ ಏಣಿ ಹತ್ತಬೇಕು. ಮೊಮ್ಮಕ್ಕಳಿಗೆ ಅದು ಸ್ವರ್ಗ. ರಾತ್ರಿ ಎರಡು ಸಲ ಮೂತ್ರಕ್ಕೆ ಏಳುವ ಅಜ್ಜ ಅಜ್ಜಿಯರು ಮಾತ್ರ ಅದರ ತಂಟೆಗೆ ಹೋಗಬಾರದು. ಕೆಳಗಿನ ಹಾಸಿಗೆಯನ್ನೇ ಕೇಳಿ ಪಡೆಯಿರಿ, ದಿಂಬಿನ ಪಕ್ಕದಲ್ಲಿ ಒಂದು ಟಾರ್ಚ್ ಇಟ್ಟುಕೊಳ್ಳಿ. ಬಾಗಿಲಿನ ಮೆಟ್ಟಿಲು ಕಿರಿದು, ನೆಲದಿಂದ ಎತ್ತರ. ಸೀರೆಯ ನೆರಿಗೆ ಸಿಕ್ಕಿಕೊಂಡು ಮುಗ್ಗರಿಸುವುದು ಸುಲಭ. ಇಳಿಯುವಾಗ ಹಿಡಿಕೆ ಹಿಡಿದು, ಬೇಕಾದರೆ ವಾಹನದ ಕಡೆಗೆ ಮುಖ ಮಾಡಿ ಇಳಿಯಿರಿ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಪ್ರವಾಸವಷ್ಟೇ ಅಲ್ಲ, ಆ ವರ್ಷವೇ ಹಾಳಾಗುತ್ತದೆ.

ನೀರು ಮತ್ತು ಸಂಕೋಚ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಈ ವಾಹನದಲ್ಲಿ ಮೂರು ತೊಟ್ಟಿಗಳಿರುತ್ತವೆ. ಒಂದು ಶುದ್ಧ ನೀರಿನದು. ಇನ್ನೊಂದರಲ್ಲಿ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಸೇರುತ್ತದೆ. ಅದಕ್ಕೆ ಅಲ್ಲಿ ಬೂದು ನೀರು ಎನ್ನುತ್ತಾರೆ. ಶೌಚಾಲಯದ್ದು ಬೇರೆ ತೊಟ್ಟಿ, ಅದಕ್ಕೆ ಕಪ್ಪು ನೀರು ಎಂದು ಹೆಸರು. ಎರಡು ಮೂರು ದಿನಕ್ಕೊಮ್ಮೆ, ಅದಕ್ಕೆಂದೇ ಮಾಡಿರುವ ಡಂಪ್ ಸ್ಟೇಷನ್ನಿನಲ್ಲಿ ವಾಹನ ನಿಲ್ಲಿಸಿ, ದಪ್ಪ ಕೊಳವೆಯೊಂದನ್ನು ಜೋಡಿಸಿ, ಕವಾಟವನ್ನು ಎಳೆದರೆ ಎಲ್ಲವೂ ನೆಲದಡಿಯ ಚರಂಡಿಗೆ ಹರಿದು ಹೋಗುತ್ತದೆ. ಮೊದಲು ಕಪ್ಪು ನೀರಿನ ಕವಾಟ, ಅದು ಪೂರ್ತಿ ಖಾಲಿಯಾದ ಮೇಲೆ ಬೂದು ನೀರಿನದು. ಹೀಗೆ ಮಾಡಿದರೆ ಸಾಬೂನಿನ ನೀರೇ ಕೊಳವೆಯನ್ನು ತೊಳೆದುಬಿಡುತ್ತದೆ. ಕೈಗವಸು ಹಾಕಿಕೊಂಡು ಮಾಡುವ ಹತ್ತು ಹದಿನೈದು ನಿಮಿಷದ ಕೆಲಸ. ಯಾರೂ ಯಾವುದನ್ನೂ ಕೈಯಿಂದ ಮುಟ್ಟುವುದಿಲ್ಲ, ನೋಡುವುದೂ ಇಲ್ಲ. ತಾಯಂದಿರೇ, ನಿಮ್ಮ ಮಗ ಇದನ್ನು ಮಾಡುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನೀವು ಅವನಿಗೆ ಮಾಡಿದ್ದನ್ನು ಲೆಕ್ಕ ಹಾಕಿದರೆ ಇದು ಯಾವ ಮಹಾ!

ನೀರು ಬಿಟ್ಟರೆ ಆಗುವುದೇನು? ಬೇಸಿಗೆಯ ಒಣ ಹವೆಯಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಬಂದಂತೆ ಆರಿಹೋಗುತ್ತದೆ. ದೇಹದಲ್ಲಿ ನೀರು ಕಡಿಮೆಯಾದಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ, ಮಲ ಗಟ್ಟಿಯಾಗುತ್ತದೆ, ಮೂತ್ರ ಉರಿಯುತ್ತದೆ. ಮೂತ್ರವನ್ನು ಗಂಟೆಗಟ್ಟಲೆ ತಡೆದು ಕೂತರೆ, ಅದರಲ್ಲೂ ಮಧುಮೇಹವಿರುವ ಮಹಿಳೆಯರಲ್ಲಿ, ಸೋಂಕು ಹಿಡಿಯುವುದು ಸುಲಭ. ಅದು ಮೂತ್ರಪಿಂಡದವರೆಗೆ ಏರಿದರೆ ಚಳಿ ಜ್ವರ ಬಂದು ಆಸ್ಪತ್ರೆ ಸೇರಬೇಕಾಗುತ್ತದೆ. ಮಧುಮೇಹಕ್ಕೆ ಈಗ ಅನೇಕರಿಗೆ ಕೊಡುತ್ತಿರುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುವಂಥವು. ಇವನ್ನು ತೆಗೆದುಕೊಳ್ಳುವವರು ನೀರು ಬಿಡುವುದು ಇನ್ನೂ ಅಪಾಯ. ವಾಂತಿ ಭೇದಿಯಾಗಿ ಊಟ ಸೇರದಿದ್ದರೆ ಆ ಮಾತ್ರೆಯನ್ನು ನಿಲ್ಲಿಸಬೇಕೇ ಎಂಬುದನ್ನು ಹೊರಡುವ ಮೊದಲೇ ನಿಮ್ಮ ವೈದ್ಯರಿಂದ ಕೇಳಿ ಬರೆಸಿಕೊಳ್ಳಿ.

ಎಷ್ಟು ಕುಡಿಯಬೇಕು ಎಂದು ಕೇಳುವವರಿಗೆ ನನ್ನ ಉತ್ತರ: ಮೂತ್ರದ ಬಣ್ಣ ತಿಳಿಹಳದಿಯಾಗಿರುವಷ್ಟು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದಾಗಿ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ಆ ಮಿತಿಯನ್ನೇ ಪಾಲಿಸಬೇಕು. ರಕ್ತದೊತ್ತಡಕ್ಕೆಂದು ನೀರು ಹೋಗುವ ಮಾತ್ರೆ ತೆಗೆದುಕೊಳ್ಳುವವರು 'ದಾರಿಯಲ್ಲಿ ತೊಂದರೆ' ಎಂದು ತಾವೇ ನಿಲ್ಲಿಸಬೇಡಿ. ಈ ವಾಹನದ ದೊಡ್ಡ ಅನುಕೂಲವೇ ಅದು: ಎಲ್ಲಿ ನಿಲ್ಲಿಸಿದರೂ ಶೌಚಾಲಯ ಜೊತೆಯಲ್ಲೇ ಇರುತ್ತದೆ.

ಇನ್ನು ಶುದ್ಧ ನೀರಿನ ತೊಟ್ಟಿ. ಬಾಡಿಗೆ ವಾಹನದ ತೊಟ್ಟಿ ಹಿಂದಿನ ಬಾರಿ ಯಾವಾಗ ತೊಳೆದದ್ದೋ ಹೇಳಲಾಗದು. ಸ್ನಾನಕ್ಕೆ, ಪಾತ್ರೆಗೆ ಅದನ್ನು ಬಳಸಿ, ಕುಡಿಯಲು ಬೇರೆ ಕ್ಯಾನಿನ ನೀರು ಇಟ್ಟುಕೊಳ್ಳುವುದು ಜಾಣತನ. ಸ್ವಂತ ವಾಹನವಾದರೆ 15 ಗ್ಯಾಲನ್, ಅಂದರೆ ಸುಮಾರು 57 ಲೀಟರ್ ನೀರಿಗೆ ಕಾಲು ಕಪ್ಪಿನಂತೆ ವಾಸನೆಯಿಲ್ಲದ ಬ್ಲೀಚ್ ದ್ರಾವಣ ಬೆರೆಸಿ, ಎಲ್ಲ ನಲ್ಲಿಗಳಲ್ಲೂ ಹರಿಸಿ, ಕೆಲವು ಗಂಟೆ ಬಿಟ್ಟು, ವಾಸನೆ ಹೋಗುವ ತನಕ ತೊಳೆಯುತ್ತಾರೆ. ಕುಡಿಯುವ ನೀರು ತುಂಬುವ ಕೊಳವೆ ಬೇರೆ, ಕೊಳಚೆ ತೊಳೆಯುವ ಕೊಳವೆ ಬೇರೆ ಇರಬೇಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸುತ್ತಿ ಇಡಲೂ ಬಾರದು.

ಕಣ್ಣಿಗೆ ಕಾಣದ ವಿಷ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಓದಿ.

ಪೆಟ್ರೋಲ್, ಅನಿಲ, ಇದ್ದಿಲು, ಸೌದೆ ಏನೇ ಉರಿದರೂ, ಸಾಕಷ್ಟು ಗಾಳಿ ಸಿಗದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಯುವುದೂ ಇಲ್ಲ. ಆಮ್ಲಜನಕವನ್ನು ಹೊರುವುದು ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನ ಕೆಲಸ. ಈ ವಿಷಾನಿಲವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಜಾಗವೆಲ್ಲ ಇದೇ ಆಕ್ರಮಿಸಿದ ಮೇಲೆ ಮಿದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ಮಲಗಿದವರು ಮಲಗಿದಲ್ಲೇ ಉಳಿಯುತ್ತಾರೆ.

ಇದು ಅಮೆರಿಕದ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ವಾಹನದ ಒಳಗೆ ಸೇರಿದ್ದೇ ಕಾರಣವೆಂದು ತನಿಖೆಯಲ್ಲಿ ಕಂಡುಬಂತು. ನಮ್ಮಲ್ಲೂ ಹಿಂದೆ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುತ್ತಿದ್ದರು. ಹೆಂಚಿನ ಸಂದಿಗಳಿಂದ ಗಾಳಿ ಆಡುತ್ತಿದ್ದುದರಿಂದ ಎಷ್ಟೋ ಜೀವ ಉಳಿದವು. ಆರ್.ವಿ.ಯಲ್ಲಿ ಆ ಸಂದಿಗಳಿಲ್ಲ. ಕಿಟಕಿ ಮುಚ್ಚಿದರೆ ಅದೊಂದು ಡಬ್ಬಿ.

ವಿದ್ಯುತ್ ಜೋಡಣೆ ಇಲ್ಲದ ಕಡೆ ಏರ್ ಕಂಡೀಷನರ್ ನಡೆಸಲು ವಾಹನದ ಜನರೇಟರನ್ನು ಚಾಲೂ ಮಾಡುತ್ತಾರೆ. ಅದರ ಹೊಗೆ ಕೊಳವೆಯಲ್ಲಿ ಬಿರುಕಿದ್ದರೆ, ಅಥವಾ ವಾಹನ ಗೋಡೆಗೋ ದಿಬ್ಬಕ್ಕೋ ಒತ್ತಿ ನಿಂತಿದ್ದರೆ, ಹೊಗೆ ಮತ್ತೆ ಒಳಗೇ ಬರಬಹುದು. ಪಕ್ಕದ ವಾಹನದವರ ಜನರೇಟರಿನ ಹೊಗೆ ನಿಮ್ಮ ಕಿಟಕಿಯಿಂದ ಬರಬಹುದು. ಆದ್ದರಿಂದ ಜನರೇಟರ್ ಓಡುತ್ತಿರುವಾಗ ಮಲಗಬಾರದು, ಅಷ್ಟೆ. ಮಳೆ ಬಂತೆಂದು ಇದ್ದಿಲ ಒಲೆಯನ್ನು ಒಳಗೆ ತರುವುದು ಇನ್ನೊಂದು ತಪ್ಪು. ಕೆಂಡ ಕೆಂಪಗಿರುವ ತನಕ ವಿಷ ಹೊರಡುತ್ತಲೇ ಇರುತ್ತದೆ. ಚಳಿಯಾಗುತ್ತದೆಂದು ಅಡುಗೆ ಒಲೆಯನ್ನು ಹಚ್ಚಿಟ್ಟು ಮಲಗುವುದಂತೂ ಸಲ್ಲದು. ಹೆಚ್ಚು ಕಂಬಳಿ ತೆಗೆದುಕೊಂಡು ಹೋಗಿ. ಒಲೆ ಹೊತ್ತಿಸುವಾಗಲೆಲ್ಲ ಒಂದು ಕಿಟಕಿ ಮತ್ತು ಚಾವಣಿಯ ಫ್ಯಾನು ತೆರೆದಿರಲಿ.

ಲಕ್ಷಣಗಳೇನು? ತಲೆನೋವು, ತಲೆಸುತ್ತು, ಹೊಟ್ಟೆ ತೊಳಸು, ಸುಸ್ತು. ನಮ್ಮವರು ಇದನ್ನು ಪಿತ್ತ, ಪ್ರಯಾಣದ ಆಯಾಸ, ನಿದ್ದೆಗೆಟ್ಟದ್ದು ಎಂದೆಲ್ಲ ಹೇಳಿ ಮಾತ್ರೆ ನುಂಗಿ ಮಲಗುತ್ತಾರೆ. ಅದೇ ಪ್ರಾಣಕ್ಕೆ ಕುತ್ತು. ಎರಡು ಸುಳಿವುಗಳನ್ನು ಮನಸ್ಸಿನಲ್ಲಿಡಿ. ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ತಲೆನೋವು ಬಂದಿದೆಯೇ? ಹೊರಗೆ ಹೋದಾಗ ಕಡಿಮೆಯಾಗಿ ಒಳಗೆ ಬಂದಾಗ ಹೆಚ್ಚಾಗುತ್ತಿದೆಯೇ? ಹಾಗಿದ್ದರೆ ಚರ್ಚೆ ಬೇಡ, ಚಪ್ಪಲಿ ಹುಡುಕುವುದೂ ಬೇಡ. ಎಲ್ಲರೂ ಹೊರಗೆ ಬನ್ನಿ, ತಲೆ ಎಣಿಸಿ, 911ಕ್ಕೆ ಫೋನ್ ಮಾಡಿ. ಅವರು ಪರೀಕ್ಷಿಸಿ ಹೇಳುವವರೆಗೆ ಒಳಗೆ ಹೋಗಬೇಡಿ. ಇದಕ್ಕೆ ಚಿಕಿತ್ಸೆ ಶುದ್ಧ ಆಮ್ಲಜನಕ. ಬರಿಯ ಗಾಳಿಯಲ್ಲಿ ಈ ವಿಷ ರಕ್ತದಿಂದ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮುಖವಾಡದಿಂದ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಹೃದ್ರೋಗಿಗಳು ಮತ್ತು ಗರ್ಭಿಣಿಯರಿಗೆ ಕಡಿಮೆ ಪ್ರಮಾಣದಲ್ಲೂ ಅಪಾಯವಿದೆ.

ಕೋವಿಡ್ ಕಾಲದಲ್ಲಿ ಅನೇಕರು ಬೆರಳಿಗೆ ಹಾಕುವ ಆಕ್ಸಿಮೀಟರ್ ಕೊಂಡಿದ್ದಾರೆ. ಅದನ್ನು ನಂಬಿ ಕೂರಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್‌ಗೂ ಆಮ್ಲಜನಕ ಅಂಟಿದ್ದಕ್ಕೂ ಇರುವ ವ್ಯತ್ಯಾಸ ಆ ಉಪಕರಣಕ್ಕೆ ತಿಳಿಯುವುದಿಲ್ಲ. ಮನುಷ್ಯ ಸಾಯುತ್ತಿರುವಾಗಲೂ 98 ಎಂದು ತೋರಿಸೀತು.

ಆದ್ದರಿಂದಲೇ ವಾಹನದಲ್ಲಿ ಎಚ್ಚರಿಕೆ ಗಂಟೆಗಳನ್ನು ಅಳವಡಿಸಿರುತ್ತಾರೆ: ಹೊಗೆಗೆ ಒಂದು, ಕಾರ್ಬನ್ ಮಾನಾಕ್ಸೈಡಿಗೆ ಒಂದು, ಅಡುಗೆ ಅನಿಲ ಸೋರಿಕೆಗೆ ನೆಲದ ಹತ್ತಿರ ಒಂದು. ಪ್ರೋಪೇನ್ ಅನಿಲ ಗಾಳಿಗಿಂತ ಭಾರವಾದ್ದರಿಂದ ಕೆಳಗೆ ಇಳಿಯುತ್ತದೆ. ಇಲ್ಲೊಂದು ನಮ್ಮವರದೇ ಆದ ತೊಂದರೆ ಇದೆ. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದೊಡನೆ ಹೊಗೆಯ ಗಂಟೆ ಕಿರುಚಿಕೊಳ್ಳುತ್ತದೆ. ಮೂರನೆಯ ಸಲ ಕಿರುಚಿದಾಗ ಮನೆಯ ಯಜಮಾನರು ರೇಗಿ ಬ್ಯಾಟರಿ ಕಿತ್ತು ಹಾಕುತ್ತಾರೆ. ಯಾವುದು ಯಾವ ಗಂಟೆ ಎಂದು ನೋಡುವ ವ್ಯವಧಾನ ಇರುವುದಿಲ್ಲ. ನನ್ನ ಬಂಧುಗಳೊಬ್ಬರು ಹೀಗೆ ಎರಡನ್ನೂ ಕಳಚಿ ಡ್ರಾಯರಿನಲ್ಲಿಟ್ಟು ನಾಲ್ಕು ರಾತ್ರಿ ಮಲಗಿದ್ದಾಗಿ ನನ್ನೆದುರೇ ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ. ಒಗ್ಗರಣೆಯನ್ನು ಹೊರಗಿನ ಒಲೆಯಲ್ಲಿ ಹಾಕಿ, ಅಥವಾ ಮನೆಯಿಂದಲೇ ಒಗ್ಗರಣೆ ಪುಡಿ ಮಾಡಿಕೊಂಡು ಹೋಗಿ. ಗಂಟೆಯನ್ನು ಮಾತ್ರ ಮುಟ್ಟಬೇಡಿ. ವಾಹನ ಕೈಗೆ ಬಂದ ದಿನವೇ ಪ್ರತಿಯೊಂದರ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಲು ಮಗನಿಗೆ ಹೇಳಿ. ಈ ಉಪಕರಣಗಳಿಗೂ ಆಯುಷ್ಯವಿದೆ. ಹಿಂಬದಿಯಲ್ಲಿ ತಯಾರಿಕೆಯ ಅಥವಾ ಬದಲಿಸಬೇಕಾದ ದಿನಾಂಕ ಇರುತ್ತದೆ. ಅವಧಿ ಮುಗಿದಿದ್ದರೆ ಬೇರೆ ಹಾಕಿಸಿಕೊಂಡೇ ಹೊರಡಬೇಕು.

ಕೊಳೆತ ಮೊಟ್ಟೆಯಂತಹ ವಾಸನೆ ಬಂದರೆ ಅದು ಅಡುಗೆ ಅನಿಲ. ಯಾವ ಸ್ವಿಚ್ಚನ್ನೂ ಒತ್ತದೆ ಎಲ್ಲರೂ ಹೊರಬಂದು, ಹೊರಗಿನಿಂದ ಸಿಲಿಂಡರಿನ ಕವಾಟ ಮುಚ್ಚಿ.

ಅಡುಗೆ, ಊಟ

ನಮ್ಮ ತಾಯಂದಿರು ಪ್ರವಾಸದಲ್ಲೂ ಅಡುಗೆ ಬಿಡುವುದಿಲ್ಲ. ಅದು ಒಳ್ಳೆಯದೇ, ಹೋಟೆಲಿನ ಉಪ್ಪು, ಕೊಬ್ಬು ತಪ್ಪುತ್ತದೆ. ಆದರೆ ಬೆಳಿಗ್ಗೆ ಮಾಡಿದ ಮೊಸರನ್ನವನ್ನು ರಾತ್ರಿಗೆ ಇಡುವ ಅಭ್ಯಾಸ ಅಲ್ಲಿ ಬೇಡ. ಬೇಯಿಸಿದ ಅನ್ನ, ಪಲ್ಯ, ಮೊಸರು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಉಷ್ಣತೆ 32 ಡಿಗ್ರಿ ದಾಟಿದರೆ ಒಂದು ಗಂಟೆಯೇ ಮಿತಿ. ರೆಫ್ರಿಜರೇಟರ್ ಒಳಗೆ 4 ಡಿಗ್ರಿ ಇರಬೇಕು; ಒಂದು ಸಣ್ಣ ಉಷ್ಣಮಾಪಕವನ್ನು ಇಟ್ಟು ನೋಡಿ. ಅನೇಕ ಆರ್.ವಿ.ಗಳ ರೆಫ್ರಿಜರೇಟರ್ ಅನಿಲದಿಂದ ನಡೆಯುವಂಥದ್ದು. ವಾಹನ ಓರೆಯಾಗಿ ನಿಂತರೆ ಅದು ಸರಿಯಾಗಿ ತಂಪಾಗುವುದಿಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸುವುದಕ್ಕೆ ಇದೂ ಒಂದು ಕಾರಣ.

ಬೇಳೆ ಬೇಯುತ್ತಿಲ್ಲ ಎಂದು ಒಲೆಯನ್ನು ದೂರಬೇಡಿ. ಎತ್ತರ ಏರಿದಂತೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಯೆಲ್ಲೋಸ್ಟೋನ್ ಸರೋವರದ ದಡದಲ್ಲಿ ಸುಮಾರು 92 ಡಿಗ್ರಿಗೇ ಕುದಿ ಬಂದುಬಿಡುತ್ತದೆ. ಕುಕ್ಕರ್ ಒಯ್ಯಿರಿ. ಆ ಕಡೆ ಕರಡಿಗಳ ಕಾಟವಿರುವುದರಿಂದ ಎಣ್ಣೆ, ತಿಂಡಿ, ಪಾತ್ರೆ, ಕಸ ಯಾವುದನ್ನೂ ಹೊರಗಿನ ಮೇಜಿನ ಮೇಲೆ ಬಿಡಬಾರದು. ಅಲ್ಲಿಯ ಫಿಷಿಂಗ್ ಬ್ರಿಜ್ ಶಿಬಿರದಲ್ಲಿ ಇದೇ ಕಾರಣಕ್ಕೆ ಬಟ್ಟೆಯ ಡೇರೆಗೆ ಅವಕಾಶವಿಲ್ಲ, ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ.

ಮಾತ್ರೆ, ಇನ್ಸುಲಿನ್

ಮಾತ್ರೆಗಳನ್ನೆಲ್ಲ ಕೈಚೀಲದಲ್ಲೇ ಒಯ್ಯಿರಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ದಪ್ಪ ಅಕ್ಷರದಲ್ಲಿ ಬರೆಸಿ. ನಮ್ಮ ಬ್ರಾಂಡುಗಳು ಅಲ್ಲಿಯ ವೈದ್ಯರಿಗೆ ತಿಳಿಯುವುದಿಲ್ಲ. ನಾವು ಪ್ಯಾರಾಸಿಟಮಾಲ್ ಎನ್ನುವುದನ್ನೇ ಅವರು ಅಸೆಟಮಿನೊಫೆನ್ ಎನ್ನುತ್ತಾರೆ, ಟೈಲೆನಾಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಡೋಲೋ ನುಂಗಿ, ಅದರ ಮೇಲೆ ಟೈಲೆನಾಲ್ ನುಂಗಿದರೆ ಒಂದೇ ಔಷಧವನ್ನು ಎರಡು ಪಟ್ಟು ನುಂಗಿದಂತೆ. ಆಂಟಿಬಯಾಟಿಕ್ ಮಾತ್ರೆಗಳು ಅಲ್ಲಿ ಚೀಟಿಯಿಲ್ಲದೆ ಸಿಗುವುದಿಲ್ಲ.

ಬಳಕೆಯಲ್ಲಿರುವ ಇನ್ಸುಲಿನ್ ಸೀಸೆ ಅಥವಾ ಪೆನ್ನು, ಹೆಚ್ಚಿನ ಬಗೆಗಳಲ್ಲಿ, 30 ಡಿಗ್ರಿಗಿಂತ ಕೆಳಗೆ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ನಿಮ್ಮ ಬಗೆಯದು ಎಷ್ಟು ದಿನ ಎಂಬುದನ್ನು ಪೊಟ್ಟಣದ ಕಾಗದದಲ್ಲಿ ನೋಡಿ. ಬಿಸಿಲಿಗೆ ನಿಂತ ವಾಹನದೊಳಗೆ ಬಿಟ್ಟು ಸುತ್ತಾಡಲು ಹೋದರೆ ಅದು ಹಾಳಾಗುತ್ತದೆ. ಹಾಗೆಂದು ರೆಫ್ರಿಜರೇಟರಿನ ಒಳಗೋಡೆಯ ತಗಡಿಗೆ ತಾಗಿಸಿಟ್ಟರೆ ಹೆಪ್ಪುಗಟ್ಟೀತು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು, ಎಸೆದುಬಿಡಿ. ದಿನವಿಡೀ ನಡೆದಾಡಿದಾಗ ಸಕ್ಕರೆ ತಟ್ಟನೆ ಇಳಿಯಬಹುದು. ಗ್ಲೂಕೋಸ್ ಮಾತ್ರೆಯೋ ಸಕ್ಕರೆಯೋ ನಿಮ್ಮ ಜೇಬಿನಲ್ಲಿರಬೇಕು, ವಾಹನದ ಕಪಾಟಿನಲ್ಲಲ್ಲ.

ಪ್ರವಾಸಿ ವಿಮೆಯನ್ನು ಮಾಡಿಸುವಾಗ ಈಗಾಗಲೇ ಇರುವ ಕಾಯಿಲೆಗೆ ಎಷ್ಟರ ಮಟ್ಟಿಗೆ ರಕ್ಷಣೆ ಇದೆ ಎಂದು ಓದಿ ನೋಡಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಮೊಬೈಲ್ ಸಂಪರ್ಕ ಎಲ್ಲೆಡೆ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಶಿಬಿರದ ಹೆಸರು, ಜಾಗದ ಸಂಖ್ಯೆ, ಹತ್ತಿರದ ಆಸ್ಪತ್ರೆ ಇವನ್ನು ಒಂದು ಕಾಗದದಲ್ಲಿ ಬರೆದು ಬಾಗಿಲಿಗೆ ಅಂಟಿಸಿಡಿ.

ವಾಹನ ಓಡುವಾಗ

ಮನೆಯಂತಿದೆ ಎಂದು ಓಡುವ ವಾಹನದಲ್ಲಿ ಮನೆಯಂತೆ ಓಡಾಡಬೇಡಿ. ಚಾಲಕ ಬ್ರೇಕ್ ಹಾಕಿದರೆ ಕಾಫಿ ಬೆರೆಸುತ್ತಿದ್ದವರು ಕಾಫಿಯ ಸಮೇತ ಮುಂದಿನ ಗಾಜಿನವರೆಗೂ ಹೋಗುತ್ತಾರೆ. ಹಿಂದಿನ ಹಾಸಿಗೆಯಲ್ಲಿ ಮಲಗಿ ಪ್ರಯಾಣ ಮಾಡುವುದೂ ಅಷ್ಟೇ ಅಪಾಯ. ಮುಂದಕ್ಕೆ ಮುಖವಿರುವ, ಬೆಲ್ಟ್ ಇರುವ ಆಸನಗಳು ಎಷ್ಟಿವೆ ಎಂದು ಎಣಿಸಿ ಅಷ್ಟೇ ಜನ ಹೋಗಬೇಕು. ಕುಕ್ಕರ್, ನೀರಿನ ಕ್ಯಾನ್, ಭಾರದ ಡಬ್ಬಗಳು ಕೆಳಗಿನ ಕಪಾಟಿನಲ್ಲಿರಲಿ.

ನಾಲ್ಕು ಗಂಟೆಗೂ ಹೆಚ್ಚು ಕಾಲ ಕುಳಿತೇ ಇದ್ದರೆ ಕಾಲಿನ ಒಳನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರಿಗೆ, ಸ್ಥೂಲಕಾಯದವರಿಗೆ, ಕ್ಯಾನ್ಸರ್ ಇರುವವರಿಗೆ, ಮೊದಲೊಮ್ಮೆ ಹೀಗಾದವರಿಗೆ ಇದು ಇನ್ನೂ ಹೆಚ್ಚು. ಎರಡು ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಯಿರಿ. ಕೂತಲ್ಲೇ ಹಿಮ್ಮಡಿ, ಮುಂಗಾಲನ್ನು ಎತ್ತಿ ಇಳಿಸುತ್ತಿರಿ. ಒಂದೇ ಕಾಲು ಊದಿಕೊಂಡು ನೋವು ಬಂದರೆ, ಅಥವಾ ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ, ತಿಕ್ಕಿ ಮಾಲೀಸು ಮಾಡುತ್ತ ಕೂರದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಎತ್ತರದ ಜಾಗಗಳು

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಯೆಲ್ಲೋಸ್ಟೋನ್ ಸರೋವರವೇ ಸುಮಾರು 2,357 ಮೀಟರ್ ಎತ್ತರದಲ್ಲಿದೆ. ಅಂದರೆ ನೀವು ರಾತ್ರಿ ಮಲಗುವ ಜಾಗ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ. ಕೊಲರಾಡೋದ ರಾಕಿ ಪರ್ವತ ಉದ್ಯಾನದ ಟ್ರೈಲ್ ರಿಡ್ಜ್ ರಸ್ತೆ 3,713 ಮೀಟರಿಗೆ ಏರುತ್ತದೆ. ರಕ್ತಹೀನತೆ, ಉಬ್ಬಸ, ಹೃದ್ರೋಗ ಇರುವವರು ಹೋಗುವ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ತಲುಪಿದ ಮೊದಲ ದಿನ ವಿಶ್ರಾಂತಿ, ಲಘು ಊಟ. ಮದ್ಯ ಬೇಡ. ಎತ್ತರದಲ್ಲಿ ತಲೆನೋವು, ನಿದ್ರೆ ಬಾರದಿರುವುದು ಸಾಮಾನ್ಯ. ಆದರೆ ವಾಹನದೊಳಗೆ ತಲೆನೋವು ಬಂದಾಗ ಮೊದಲು ಕಾರ್ಬನ್ ಮಾನಾಕ್ಸೈಡಿನ ಅನುಮಾನ ಬರಬೇಕು, ಎತ್ತರದ್ದು ಆಮೇಲೆ. ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ಮಾತು ತೊದಲಿದರೆ, ನಡಿಗೆ ತಪ್ಪಿದರೆ ತಡಮಾಡದೆ ಕೆಳಗಿಳಿದು ವೈದ್ಯರನ್ನು ಕಾಣಬೇಕು.

ವಾಹನದ ಹೊರಗೆ

ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆಗಳನ್ನು ನೋಡಿದರೆ ನಮ್ಮವರಿಗೆ ಬದರಿಯ ತಪ್ತಕುಂಡ ನೆನಪಾಗುತ್ತದೆ. ಕೈ ಅದ್ದಿ ತಲೆಗೆ ಪ್ರೋಕ್ಷಿಸಿಕೊಳ್ಳಲು ಮನಸ್ಸಾಗುತ್ತದೆ. ದಯವಿಟ್ಟು ಬೇಡ. ಅಲ್ಲಿ ಅನೇಕ ಬುಗ್ಗೆಗಳ ನೀರು ಕುದಿಯುವ ಮಟ್ಟದಲ್ಲಿರುತ್ತದೆ, ಸುತ್ತಲಿನ ನೆಲ ಹಪ್ಪಳದಂತೆ ತೆಳು. ಇದುವರೆಗೆ ಇಪ್ಪತ್ತಕ್ಕೂ ಹೆಚ್ಚು ಜನ ಈ ಬುಗ್ಗೆಗಳಲ್ಲಿ ಬೆಂದು ಸತ್ತಿದ್ದಾರೆ. ಹಲಗೆಯ ದಾರಿ ಬಿಟ್ಟು ಇಳಿಯಬಾರದು, ಮೊಮ್ಮಗುವಿನ ಕೈ ಬಿಡಬಾರದು. ಕಾಡುಕೋಣದಂತಹ ಬೈಸನ್‌ಗಳಿಂದ 25 ಗಜ, ಕರಡಿಗಳಿಂದ 100 ಗಜ ದೂರವಿರಬೇಕೆಂಬುದು ಅಲ್ಲಿಯ ನಿಯಮ.

ಉಣ್ಣೆಯ ಬಗ್ಗೆ ನಮ್ಮ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದಲೇ. ಅಮೆರಿಕದ ಈಶಾನ್ಯ ರಾಜ್ಯಗಳ ಹುಲ್ಲು, ಪೊದೆಗಳಲ್ಲಿ ಇನ್ನೊಂದು ಬಗೆಯ ಉಣ್ಣೆ ಲೈಮ್ ಎಂಬ ಕಾಯಿಲೆಯನ್ನು ಹರಡುತ್ತದೆ. ಉದ್ದ ತೋಳಿನ ಬಟ್ಟೆ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಡೀಟ್ ಇರುವ ಮುಲಾಮು ರಕ್ಷಣೆ ಕೊಡುತ್ತವೆ. ರಾತ್ರಿ ಸ್ನಾನ ಮಾಡುವಾಗ ಕಂಕುಳು, ತೊಡೆ ಸಂದಿ, ಕಿವಿಯ ಹಿಂಭಾಗ, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಲೈಮ್ ರೋಗಾಣು ದೇಹ ಸೇರಲು ಸಾಮಾನ್ಯವಾಗಿ ಉಣ್ಣೆ ಒಂದು ದಿನಕ್ಕೂ ಹೆಚ್ಚು ಹೊತ್ತು ಕಚ್ಚಿಕೊಂಡಿರಬೇಕು. ಆದ್ದರಿಂದ ಬೇಗ ತೆಗೆದರೆ ಗೆದ್ದಂತೆ. ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ ಸುರಿಯುವುದು, ಬೀಡಿ ತುದಿಯಿಂದ ಸುಡುವುದು ಮುಂತಾದ ನಮ್ಮ ಹಳೆಯ ಉಪಾಯಗಳು ಬೇಡ.

ಬಹಳ ದಿನ ನಿಂತಿದ್ದ ವಾಹನದಲ್ಲಿ ಇಲಿಯ ಹಿಕ್ಕೆ ಕಂಡರೆ ಪೊರಕೆ ಹಿಡಿಯಬೇಡಿ. ಅಲ್ಲಿಯ ಕೆಲವು ಜಾತಿಯ ಇಲಿಗಳ ಹಿಕ್ಕೆ, ಮೂತ್ರದ ಧೂಳಿನಿಂದ ಹಂಟಾ ವೈರಸ್ ಶ್ವಾಸಕೋಶಕ್ಕೆ ಹೋಗಬಹುದು. 2012ರಲ್ಲಿ ಯೊಸೆಮಿಟಿ ಉದ್ಯಾನಕ್ಕೆ ಹೋದವರಲ್ಲಿ ಹತ್ತು ಜನರಿಗೆ ಇದು ತಗುಲಿ ಮೂವರು ಸತ್ತರು. ಬಾಗಿಲು ಕಿಟಕಿ ತೆರೆದಿಟ್ಟು, ಬ್ಲೀಚ್ ಬೆರೆಸಿದ ನೀರನ್ನು ಚಿಮುಕಿಸಿ ನೆನೆಸಿ, ಕೈಗವಸು ಹಾಕಿ ಕಾಗದದಿಂದ ಒರೆಸಿ ತೆಗೆಯಬೇಕು. ಬಾಡಿಗೆ ವಾಹನವಾದರೆ ಒಪ್ಪಿಕೊಳ್ಳದೆ ಬೇರೆ ಕೇಳುವುದೇ ಸರಿ.

ಊರಿಗೆ ಮರಳಿದ ಮೇಲೆ ಆರು ವಾರಗಳೊಳಗೆ ಜ್ವರ, ಮೈಮೇಲೆ ಹರಡುತ್ತ ಹೋಗುವ ಕೆಂಪು ಮಚ್ಚೆ, ಏದುಸಿರು ಅಥವಾ ಒಂದು ಕಾಲಿನ ಊತ ಕಂಡುಬಂದರೆ ನಿಮ್ಮ ವೈದ್ಯರ ಬಳಿ ಎಲ್ಲೆಲ್ಲಿ ಸುತ್ತಾಡಿದಿರಿ, ಎಲ್ಲಿ ಮಲಗಿದಿರಿ ಎಂಬುದನ್ನು ಮೊದಲೇ ಹೇಳಿ. ಇಲ್ಲವಾದರೆ ನಾವು ಡೆಂಗಿ, ಮಲೇರಿಯಾ, ಟೈಫಾಯ್ಡ್ ಎಂದು ನಮ್ಮೂರಿನ ಜ್ವರಗಳನ್ನೇ ಹುಡುಕುತ್ತ ಕೂರುತ್ತೇವೆ.